ದರ್ಜಿಯ ಅಳತೆ ಪುಸ್ತಕ

“ಬುದ್ಧೀ, ಸರ್ಕಾರದ ಸಂಬಳ ತೆಗೆದುಕೊಳ್ಳುವವನು ತನ್ನ ಸ್ವಂತ ಮೊಬೈಲಿನಲ್ಲಿ ಬರೆದದ್ದು ಯಾರದ್ದು? ಅವನದೋ, ನಮ್ಮೆಲ್ಲರದೋ?” ಎಂದು ಶಿವಮಾದು ಕೇಳಿದ.

ಗುರುಗಳು ಮಠದ ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ. “ಈ ಪ್ರಶ್ನೆ ನಿನಗೆ ಎಲ್ಲಿ ಸಿಕ್ಕಿತು?” ಎಂದರು.

ಶಿವಮಾದು ಹೇಳಿದ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅವನ ದೊಡ್ಡವ್ವ, ಪುಟ್ಟಮಾದಮ್ಮ. ಅವಳ ಹೆಸರು ಮನೆಯ ರೇಷನ್ ಕಾರ್ಡಿನಿಂದ ಬಿಟ್ಟುಹೋಗಿ ಐದು ತಿಂಗಳಾಗಿತ್ತು. ಅವಳ ಪಾಲಿನ ಅಕ್ಕಿ ನಿಂತಿತ್ತು. ಮನೆಯ ಮಕ್ಕಳಿಗೆ ಕಡಿಮೆಯಾದೀತೆಂದು ಅವಳು ಒಂದೇ ಹೊತ್ತು ಉಣ್ಣುತ್ತಿದ್ದಳು. ಕೇಳಿದರೆ ಹಸಿವಿಲ್ಲ ಎನ್ನುತ್ತಿದ್ದಳು. ಅವನು ಆರು ಸಲ ತಾಲ್ಲೂಕು ಕಚೇರಿಗೆ ಅಲೆದ. ಹೋದಾಗಲೆಲ್ಲ ಆಹಾರ ಶಾಖೆಯ ಗುಮಾಸ್ತ ಮೊಬೈಲ್ ನೋಡಿ ನಗುತ್ತಿದ್ದ. ತಲೆ ಎತ್ತದೆ ‘ನಾಳೆ ಬಾ’ ಎನ್ನುತ್ತಿದ್ದ. ಆರನೆಯ ಸಲ ಶಿವಮಾದುವಿಗೆ ಹೊಟ್ಟೆ ಉರಿದುಹೋಯಿತು. ಮನೆಗೆ ಬಂದು ಮಾಹಿತಿ ಹಕ್ಕಿನಲ್ಲಿ ಒಂದು ಅರ್ಜಿ ಬರೆದ.

“ಆ ಶಾಖೆಯ ಐದು ಜನ ಎರಡು ವರ್ಷದಿಂದ ಫೇಸ್‌ಬುಕ್ಕಿನಲ್ಲಿ, ವಾಟ್ಸಾಪಿನಲ್ಲಿ ಏನು ಬರೆದಿದ್ದಾರೆ, ಏನು ಹಂಚಿದ್ದಾರೆ, ಯಾರಿಗೆ ಲೈಕ್ ಒತ್ತಿದ್ದಾರೆ, ಎಲ್ಲದರ ನಕಲು ಕೇಳಿದ್ದೇನೆ ಬುದ್ಧೀ. ನಾಳೆ ಕೊಡುವವನಿದ್ದೇನೆ. ತಾವೊಮ್ಮೆ ನೋಡಬೇಕು.”

ಗುರುಗಳು ಅರ್ಜಿಯನ್ನು ತೆಗೆದುಕೊಂಡರು. ಓದಲಿಲ್ಲ. ಗಾಳಿಗೆ ಹಾರದಂತೆ ಮಂಡಿಯ ಕೆಳಗೆ ಇಟ್ಟುಕೊಂಡು, ಮೊರವನ್ನು ಅವನ ಕಡೆಗೆ ಸರಿಸಿದರು. “ನೀನೂ ಬಿಡಿಸು. ಕತೆ ಕೇಳುವವನ ಕೈ ಸುಮ್ಮನಿರಬಾರದು” ಎಂದು ಹೇಳತೊಡಗಿದರು.

ಒಂದು ಊರು. ಅದಕ್ಕೆ ಮೇಲಿನ ಬೀದಿ ಒಂದು, ಕೆಳಗಿನ ಬೀದಿ ಒಂದು. ಊರಿಗೆ ಒಬ್ಬ ನೀರುಗಂಟಿ. ಪಂಚಾಯಿತಿಯ ಮೋಟಾರು ಹಾಕಿ ನಲ್ಲಿಗಳಿಗೆ ನೀರು ಬಿಡುವುದು ಅವನ ಕೆಲಸ. ಕರೆಂಟು ಬಂದಾಗ ನೀರು. ಕರೆಂಟಿಗೆ ಹೊತ್ತುಗೊತ್ತು ಇಲ್ಲ, ಅದು ನಿನಗೇ ಗೊತ್ತು.

ಕೆಳಗಿನ ಬೀದಿಯಲ್ಲಿ ಒಬ್ಬ ದರ್ಜಿ ಇದ್ದ. ಊರಿನ ಹೆಂಗಸರ ಕುಪ್ಪಸವನ್ನೆಲ್ಲ ಅವನೇ ಹೊಲಿಯುತ್ತಿದ್ದ. ಅವರ ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುತ್ತಿದ್ದ. ಆ ಪುಸ್ತಕವನ್ನು ಹೆಂಡತಿಯ ಕೈಗೂ ಕೊಟ್ಟವನಲ್ಲ. ಯಾರು ಮೈ ತುಂಬಿಕೊಂಡರು, ಯಾರು ಸೊರಗಿದರು ಎಂದು ಯಾರ ಮುಂದೆಯೂ ಬಾಯಿ ಬಿಟ್ಟವನಲ್ಲ. ಹೆಂಗಸರಿಗೆ ಅವನ ಮೇಲೆ ಅಷ್ಟು ನಂಬಿಕೆ.

ದರ್ಜಿಯ ಹೆಂಡತಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ನೀರಿಗೆ ಕಾದು ಕಾದು ಅವಳಿಗೆ ಶಾಲೆಗೆ ತಡವಾಗುತ್ತಿತ್ತು. ಹೀಗೇ ಆದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಶಾಲೆಯವರು ಹೇಳಿಬಿಟ್ಟಿದ್ದರು. ಮೇಲಿನ ಬೀದಿಯವರಿಗೆ ಈ ಕಾಟವಿರಲಿಲ್ಲ. ನೀರು ಬರುವ ಮೊದಲೇ ಅವರ ಕೊಡಗಳು ನಲ್ಲಿಯ ಮುಂದೆ ಕೂತಿರುತ್ತಿದ್ದವು. ಇವರಿಗೇನು ಕನಸು ಬೀಳುತ್ತದೆಯೇ ಎಂದು ದರ್ಜಿ ವಿಚಾರಿಸಿದ.

ಗುಟ್ಟು ಗೊತ್ತಾಯಿತು. ನೀರುಗಂಟಿ ತನ್ನ ಮಗಳ ನಾಮಕರಣಕ್ಕೆ ಜನರನ್ನು ಕರೆಯಲು ವಾಟ್ಸಾಪಿನಲ್ಲಿ ಒಂದು ಗುಂಪು ಮಾಡಿದ್ದ. ಮಗು ಶಾಲೆಗೆ ಹೋಗುವಷ್ಟು ದೊಡ್ಡದಾದರೂ ಗುಂಪು ಹಾಗೇ ಉಳಿದಿತ್ತು. ಮೋಟಾರು ಹಾಕುವ ಮುನ್ನ ಅದರಲ್ಲೇ ‘ಇನ್ನು ಅರ್ಧ ಗಂಟೆಗೆ ನೀರು’ ಎಂದು ಹಾಕುತ್ತಿದ್ದ. ಕೆಳಗಿನ ಬೀದಿಯವರನ್ನು ಅವನು ನಾಮಕರಣಕ್ಕೆ ಕರೆದಿರಲಿಲ್ಲ. ಹೀಗಾಗಿ ಅಂದು ಊಟ ಉಂಡವರಿಗೆ ಇಂದು ನೀರೂ ಸಿಗುತ್ತಿತ್ತು.

“ಇದು ಅನ್ಯಾಯವಲ್ಲವೇ ಬುದ್ಧೀ?” ಎಂದ ಶಿವಮಾದು.

“ಅನ್ಯಾಯವೇ. ಅಲ್ಲ ಎಂದವರಾರು? ಮುಂದೆ ಕೇಳು.”

ದರ್ಜಿ ಅರ್ಜಿ ಹಾಕಿದ. ಆ ಗುಂಪಿನಲ್ಲಿ ನೀರುಗಂಟಿ ಬರೆದದ್ದೆಲ್ಲ ಬೇಕು ಎಂದ. ಅದು ಅವನ ಮನೆಯ ವಿಷಯ, ನಮ್ಮ ಕಡತದಲ್ಲಿಲ್ಲ ಎಂದು ಪಂಚಾಯಿತಿಯವರು ಕೈ ತೊಳೆದುಕೊಂಡರು. ದರ್ಜಿ ಬಿಡಲಿಲ್ಲ, ಮೇಲ್ಮನವಿ ಹಾಕಿದ. ಮೇಲಿನ ಅಧಿಕಾರಿ ತಿಳಿದವನು. ‘ನೀರಿನ ಮಾತು ಊರಿನದು, ಉಳಿದದ್ದು ಅವನ ಮನೆಯದು. ಅಕ್ಕಿಯಿಂದ ಕಲ್ಲು ಆರಿಸುವಂತೆ ಆರಿಸಿ ಕೊಡಿ’ ಎಂದು ಬರೆದ. ಆದರೆ ಕೂತು ಆರಿಸುವವರು ಯಾರು? ಪಂಚಾಯಿತಿಯ ಗುಮಾಸ್ತನಿಗೆ ಅದು ಬೇಡದ ಕೆಲಸ. ನೀರುಗಂಟಿಯ ಮೊಬೈಲ್ ಇಸಿದುಕೊಂಡು, ಇದ್ದದ್ದನ್ನೆಲ್ಲ ಮುದ್ರಿಸಿ, ಇನ್ನೂರು ಹಾಳೆಯ ಕಟ್ಟನ್ನು ದರ್ಜಿಯ ಕೈಗೆ ಕೊಟ್ಟುಬಿಟ್ಟ.

ದರ್ಜಿ ಓದಲು ಕೂತ. ಮೊದಲ ದಿನ ನೀರಿನ ಸಾಲು ಬಂದಲ್ಲೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿದ. ಎರಡನೆಯ ದಿನ ಸೀಮೆಸುಣ್ಣ ಮರೆತ. ನೀರುಗಂಟಿ ಭಾಮೈದನ ಜೊತೆ ಕಿತ್ತಾಡಿದ್ದು ಅದರಲ್ಲಿತ್ತು. ಪಂಚಾಯಿತಿ ಅಧ್ಯಕ್ಷರು ಬಾತುಕೋಳಿಯ ಹಾಗೆ ನಡೆಯುತ್ತಾರೆ ಎಂದದ್ದು ಇತ್ತು. ಹೆಂಡತಿಗೆ ಗರ್ಭಕೋಶದ ಆಪರೇಷನ್ ಆದ ದಿನ ‘ಮಾದಪ್ಪಾ, ಇವಳನ್ನು ಉಳಿಸಿಕೊಡು’ ಎಂದು ಬರೆದದ್ದೂ ಇತ್ತು. ಪಕ್ಕದ ಮನೆಯ ಸಾರು ಯಾವಾಗಲೂ ರುಚಿ ನೋಡು. ದರ್ಜಿ ತಾನು ಓದಿದ್ದು ಸಾಲದೆಂದು ಅಂಗಡಿಗೆ ಬಂದವರಿಗೂ ಓದಿ ಹೇಳಿದ. ಹೊಲಿಸಲು ಏನೂ ಇಲ್ಲದವರೂ ಅಂಗಡಿಗೆ ಬರತೊಡಗಿದರು.

ಬಾತುಕೋಳಿಯ ಮಾತು ಅಧ್ಯಕ್ಷರ ಕಿವಿಗೆ ಬಿತ್ತು. ನೀರುಗಂಟಿಯ ಕೆಲಸ ಹೋಯಿತು. ಹೊಸಬ ಬಂದ. ಅವನು ಯಾವ ಗುಂಪಿನಲ್ಲೂ ಒಂದಕ್ಷರ ಹಾಕಲಿಲ್ಲ. ಈಗ ಮೇಲಿನ ಬೀದಿಯವರಿಗೂ ನೀರು ಯಾವಾಗ ಎಂದು ಗೊತ್ತಿಲ್ಲ. ಅಲ್ಲಿಗೆ ಊರಿನಲ್ಲಿ ಸಮಾನತೆ ಬಂತು.

ಒಂದು ಮಧ್ಯಾಹ್ನ ನೀರುಗಂಟಿಯ ಹೆಂಡತಿ ಅಂಗಡಿಗೆ ಬಂದಳು. ಒಳಗೆ ಕಾಲಿಡಲಿಲ್ಲ. ‘ನನ್ನ ಕುಪ್ಪಸದ ಬಟ್ಟೆ ಕೊಟ್ಟುಬಿಡಿ ಅಣ್ಣ’ ಎಂದಳು.

‘ಇನ್ನೂ ಹೊಲಿದಿಲ್ಲವಲ್ಲ ತಾಯಿ, ಬರೀ ಕತ್ತರಿಸಿದ್ದೇನೆ.’

‘ಹೊಲಿಯುವುದು ಬೇಡ. ನನ್ನ ಅಳತೆಯೂ ನಿಮ್ಮ ಪುಸ್ತಕದಲ್ಲಿದೆ. ಅದನ್ನು ಓದಿ ಹೇಳುವುದು ಯಾವತ್ತು?’

ದರ್ಜಿ ಎದ್ದ. ಕತ್ತರಿಸಿದ ತುಂಡುಗಳನ್ನೇ ಮಡಿಸಿ ಕೊಟ್ಟ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಅವಳು ಹೋದ ಮೇಲೆ ಆ ಕಟ್ಟನ್ನು ತಂದು ಮನೆಯ ಅಟ್ಟಕ್ಕೆ ಎಸೆದ. ಸಂಜೆ ಅವನ ಹೆಂಡತಿ ಸೋತ ಮುಖ ಹೊತ್ತು ಬಂದಳು. ಅಂದು ಅವಳನ್ನು ಅಡುಗೆ ಕೆಲಸದಿಂದ ಬಿಡಿಸಿದ್ದರು. ಅವಳು ಅಳಲಿಲ್ಲ. ಗಂಡನ ಎದುರು ಕೂತು ಒಂದೇ ಮಾತು ಕೇಳಿದಳು. ‘ಇನ್ನೂರು ಹಾಳೆ ಓದಿದಿರಲ್ಲ, ನಾಳೆ ನೀರು ಎಷ್ಟು ಹೊತ್ತಿಗೆ ಬರುತ್ತದೆ?’

ಇಷ್ಟು ಹೇಳಿ ಗುರುಗಳು ಇನ್ನೊಂದು ಹಿಡಿ ಅವರೆಕಾಯಿ ತೆಗೆದುಕೊಂಡರು.

“ಹಾಗಾದರೆ ಅವನು ಕೇಳಲೇಬಾರದಿತ್ತೇ ಬುದ್ಧೀ?”

“ಕೇಳಬಾರದೆಂದು ನಾನೆಲ್ಲಿ ಹೇಳಿದೆ? ನಿನಗೆ ಬಲು ಅವಸರ. ಕತೆ ಇನ್ನೂ ಮುಗಿದಿಲ್ಲ.”

ಮರುದಿನ ದರ್ಜಿಯ ಹೆಂಡತಿ ತಾನೇ ಒಂದು ಅರ್ಜಿ ಬರೆದಳು. ‘ಹೋದ ವರ್ಷ ಕೆಳಗಿನ ಬೀದಿಗೆ ಯಾವ ದಿನ ಎಷ್ಟು ಹೊತ್ತು ನೀರು ಬಿಟ್ಟಿದ್ದೀರಿ? ಅದನ್ನು ಮುಂಚೆ ತಿಳಿಸುವುದು ಯಾರ ಕೆಲಸ?’ ಅಷ್ಟೇ. ಮೋಟಾರು ಮನೆಯ ಪುಸ್ತಕದ ನಕಲು ಬಂತು. ಗ್ರಾಮಸಭೆಯಲ್ಲಿ ಎದ್ದು ನಿಂತು ಅದನ್ನು ಓದಿದಳು. ಮೇಲಿನ ಬೀದಿಗೆ ಎರಡು ಗಂಟೆ ಬಿಟ್ಟರೆ ಕೆಳಗಿನ ಬೀದಿಗೆ ಇಪ್ಪತ್ತು ನಿಮಿಷ. ಕೇಳಿ ನಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಯಾರೂ ನಗಲಿಲ್ಲ. ಮುಂದಿನ ವಾರದಿಂದ ಎರಡೂ ಬೀದಿಗೆ ಸಮ ನೀರು, ಮೋಟಾರು ಹಾಕುವ ಮೊದಲು ಎರಡೂ ಬೀದಿಯಲ್ಲಿ ಮೈಕಿನ ಕೂಗು.

“ಅವಳ ಕೆಲಸ?”

“ಅದು ತಿರುಗಿ ಬರಲಿಲ್ಲ. ಅಷ್ಟರಲ್ಲಿ ಬೇರೆಯವಳು ಬಂದಾಗಿತ್ತು.”

ಶಿವಮಾದು ಸ್ವಲ್ಪ ಹೊತ್ತು ಅವರೆಕಾಯಿ ಬಿಡಿಸಿದ. ಆಮೇಲೆ ಹೇಳಿದ. “ತಿಳಿಯಿತು ಬುದ್ಧೀ. ಸ್ವಂತ ಮೊಬೈಲಾದರೂ ಅದರಲ್ಲಿ ಊರಿನ ಕೆಲಸ ಮಾಡಿದ್ದರೆ ಅದು ಊರಿನದು. ಮನೆಯ ಮಾತು ಮನೆಯವನದು. ಐದು ಜನರದ್ದು ಬೇಡ, ಆ ಒಬ್ಬ ಗುಮಾಸ್ತನದ್ದು ಮಾತ್ರ ಕೇಳುತ್ತೇನೆ.”

“ನೀನು ಜಾಣ” ಎಂದರು ಗುರುಗಳು. ಮಂಡಿಯ ಕೆಳಗಿನ ಅರ್ಜಿಯನ್ನು ತೆಗೆದು, ಕನ್ನಡಕ ಹಾಕಿಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು. ಬಳಿಕ ಅದನ್ನು ಅವನ ಕೈಗೆ ಕೊಟ್ಟು ಕೇಳಿದರು.

“ರೇಷನ್ ಕಾರ್ಡಿನಿಂದ ಪುಟ್ಟಮಾದಮ್ಮನ ಹೆಸರು ಬಿಟ್ಟವನು ಗುಮಾಸ್ತ, ಈ ಅರ್ಜಿಯಿಂದ ಬಿಟ್ಟವನು ಯಾರಪ್ಪ?”