ಗಾಜಿನ ಪೆಟ್ಟಿಗೆಯ ಕಲ್ಲು

"ಗುರುಗಳೇ, ಏನನ್ನೂ ಕೇಳದೆ ದುಡಿಯುವವನನ್ನು ನಂಬಬಹುದೇ?" ಎಂದು ಶಿಷ್ಯ ಕೇಳಿದ.

ಮಠಕ್ಕೆ ಹೊಸಬನೊಬ್ಬ ಬಂದಿದ್ದ. ಅಂಗಳ ಗುಡಿಸುತ್ತಿದ್ದ, ನೀರು ಸೇದುತ್ತಿದ್ದ. ದೀಕ್ಷೆ ಬೇಡ, ಕೋಣೆಯೂ ಬೇಡ ಎನ್ನುತ್ತಿದ್ದ. ಶಿಷ್ಯನಿಗೆ ಅದೇ ಸರಿಬಂದಿರಲಿಲ್ಲ. ಅವನನ್ನು ಸಾಗಹಾಕುವುದೇ ಒಳ್ಳೆಯದು ಎಂದು ಹೇಳಲು ಬಂದಿದ್ದ.

ಗುರು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ವಸ್ತುಸಂಗ್ರಹಾಲಯವಿತ್ತು. ಅದಕ್ಕೊಬ್ಬ ಮೇಲ್ವಿಚಾರಕ. ಅಲ್ಲಿ ಹೆಸರು ಮಾಡಿದ ವಸ್ತು ಒಂದೇ, ಆಕಾಶದಿಂದ ಬಿದ್ದ ಕಲ್ಲು. ಅದು ಗಾಜಿನ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಬೀಗದ ಕೈಯನ್ನು ಮೇಲ್ವಿಚಾರಕ ತನ್ನ ಉಡಿದಾರಕ್ಕೆ ಕಟ್ಟಿಕೊಂಡಿದ್ದ. ಸ್ನಾನಕ್ಕೆ ಹೋದರೂ ಬಿಚ್ಚುತ್ತಿರಲಿಲ್ಲ.

ಅಲ್ಲಿಗೆ ಒಬ್ಬ ಹೆಂಗಸು ಬಂದಳು. ವಾರವೆಲ್ಲ ಅವಳಿಗೆ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕೆಲಸ. ಹೈಸ್ಕೂಲು ಮಕ್ಕಳಿಗೆ ಕೆಲವು ಭಾನುವಾರ ಕಲ್ಲು ಗುರುತಿಸುವುದನ್ನು ಕಲಿಸುತ್ತೇನೆ, ಸಂಬಳ ಬೇಡ, ಒಂದು ಕೋಣೆ ಬಿಟ್ಟುಕೊಟ್ಟರೆ ಸಾಕು ಎಂದಳು. ಮೇಲಿನವರು ಒಪ್ಪಿದ್ದರು. ಮೇಲ್ವಿಚಾರಕ ಬಾಯಿ ಮುಚ್ಚಿಕೊಂಡು ಕೋಣೆಯ ಬಾಗಿಲು ತೆಗೆದ.

ಆದರೆ ಅವನ ತಲೆಗೆ ಹುಳ ಹೊಕ್ಕಿತು. ಭಾನುವಾರ ಮನೆಯಲ್ಲಿ ಹಾಯಾಗಿರುವುದು ಬಿಟ್ಟು ಯಾರದೋ ಮಕ್ಕಳಿಗೆ ಪಾಠ ಹೇಳುವವರು ಉಂಟೇ? ಇವಳಿಗೆ ತನ್ನ ಕುರ್ಚಿಯ ಮೇಲೆ ಕಣ್ಣಿರಬೇಕು. ಕುರ್ಚಿಯ ಮೇಲಲ್ಲದಿದ್ದರೆ ಕಲ್ಲಿನ ಮೇಲೆ. ಬರುವಾಗ ಅವಳ ಚೀಲ ನೋಡಿದ, ಹೋಗುವಾಗ ನೋಡಿದ. ಚೀಲದಲ್ಲಿ ಬರೀ ಕಲ್ಲುಗಳು. ಇಷ್ಟು ಕಲ್ಲುಗಳ ನಡುವೆ ಒಂದು ಅದಲುಬದಲಾದರೆ ಯಾರಿಗೆ ತಿಳಿದೀತು ಎಂದು ಅವನಿಗೆ ದಿಗಿಲಾಯಿತು. ಪಾಠ ನಡೆಯುವಾಗಲೆಲ್ಲ ಹಿಂದಿನ ಬೆಂಚಿನಲ್ಲಿ ಕೂತು ಅವಳ ಕೈಗಳನ್ನೇ ನೋಡುತ್ತಿದ್ದ. ಹೀಗೆ ಅವನೂ ಭಾನುವಾರಗಳಂದು ಸಂಬಳವಿಲ್ಲದೆ ದುಡಿದ. ಅದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಕೊನೆಯ ಪಾಠದ ದಿನ ಅವಳು ಹೊಳಪಿಲ್ಲದ ಬಿಳಿ ಪಿಂಗಾಣಿ ಬಿಲ್ಲೆಗಳನ್ನು ತಂದು ಮಕ್ಕಳಿಗೆ ಹಂಚಿದಳು. ಕಲ್ಲನ್ನು ಇದರ ಮೇಲೆ ಉಜ್ಜಿ, ಅದು ಬಿಡುವ ಗೆರೆಯ ಬಣ್ಣ ನೋಡಿ ಎಂದಳು. ಕಬ್ಬಿಣದ ಅದಿರು ಕೆಂಪು ಗೆರೆ ಬಿಡುತ್ತದೆ, ಆಕಾಶದಿಂದ ಬಿದ್ದ ಕಲ್ಲು ಸಾಮಾನ್ಯವಾಗಿ ಗೆರೆಯನ್ನೇ ಬಿಡುವುದಿಲ್ಲ ಎಂದು ತಿಳಿಸಿದಳು. ಒಬ್ಬ ಹುಡುಗಿ ಎದ್ದು, ಹಾಗಾದರೆ ಪೆಟ್ಟಿಗೆಯ ಕಲ್ಲನ್ನು ಉಜ್ಜಿ ನೋಡಬಹುದೇ ಎಂದು ಕೇಳಿದಳು.

ಇದೇ ಹೂಟ ಎಂದುಕೊಂಡ ಮೇಲ್ವಿಚಾರಕ. ಆದರೂ ತನ್ನ ಕಲ್ಲಿನ ಹೆಚ್ಚುಗಾರಿಕೆಯನ್ನು ಮಕ್ಕಳಿಗೆ ತೋರಿಸುವ ಆಸೆ ತಡೆಯಲಾಗಲಿಲ್ಲ. ತಾನೇ ಬೀಗ ತೆಗೆದ, ತಾನೇ ಹೊತ್ತು ತಂದ. ಹೆಂಗಸು ಮುಟ್ಟಕೂಡದು ಎಂದು ಹುಡುಗಿಯ ಮುಂದಿಟ್ಟ. ಹುಡುಗಿ ಬಿಲ್ಲೆಯನ್ನು ಅದಕ್ಕೆ ಉಜ್ಜಿದಳು. ಕೆಂಪು ಗೆರೆ ಮೂಡಿತು.

ಕಲ್ಲು ಬದಲಾಗಿದೆ, ಇವಳೇ ಕದ್ದಿದ್ದಾಳೆ, ಪೊಲೀಸರನ್ನು ಕರೆಸುತ್ತೇನೆ ಎಂದು ಮೇಲ್ವಿಚಾರಕ ಕೂಗಾಡಿದ. ಹೆಂಗಸು ಹೆದರಿದಳು. ಕಳ್ಳಿ ಎಂಬ ಮಾತು ಊರಿನಲ್ಲಿ ಹಬ್ಬಿದರೆ ಕಾರ್ಖಾನೆಯ ಕೆಲಸವೂ ಉಳಿಯದು, ತಲೆಯೆತ್ತಿ ಓಡಾಡುವುದೂ ಆಗದು.

ಆಗ ಅದೇ ಹುಡುಗಿ, "ಬೀಗದ ಕೈ ನಿಮ್ಮ ಹತ್ರ ಮಾತ್ರ ಇರೋದಲ್ವಾ ಸಾರ್?" ಎಂದಳು.

ಮಕ್ಕಳೆಲ್ಲ ಅವನ ಕಡೆ ತಿರುಗಿದರು. ಅಷ್ಟು ದಿನ ಅವನು ಹೆಂಗಸನ್ನು ನೋಡಿದ ಹಾಗೆಯೇ ಈಗ ಅವರು ಅವನನ್ನು ನೋಡಿದರು.

ಹೆಂಗಸು ಸುಮ್ಮನಿದ್ದಿದ್ದರೆ ಅಪವಾದ ಅವನ ತಲೆಯ ಮೇಲೇ ಬರುತ್ತಿತ್ತು. ಅವಳು ಸುಮ್ಮನಿರಲಿಲ್ಲ. ಕಲ್ಲನ್ನು ಮಗುಚಿದಳು. ತಳದಲ್ಲಿ ಬಿಳಿ ಬಣ್ಣದಿಂದ ಬರೆದ ಸಂಗ್ರಹದ ಸಂಖ್ಯೆಯಿತ್ತು, ಬಣ್ಣ ಹಳದಿಗೆ ತಿರುಗಿ ಬಿರುಕು ಬಿಟ್ಟಿತ್ತು. ಕಪಾಟಿನಲ್ಲಿದ್ದ ಹಳೆಯ ಕಲ್ಲುಗಳನ್ನೆಲ್ಲ ತರಿಸಿ ಪಕ್ಕದಲ್ಲಿಟ್ಟಳು. ಎಲ್ಲದರ ಮೇಲೂ ಅದೇ ಕೈಬರಹ, ಅದೇ ಬಿರುಕು.

"ಯಾರೂ ಕದ್ದಿಲ್ಲ ಸಾರ್, ಸಂಗ್ರಹಕ್ಕೆ ಸೇರಿದ ದಿನದಿಂದ್ಲೂ ಇಲ್ಲಿದ್ದದ್ದು ಇದೇ ಕಲ್ಲು" ಎಂದಳು.

ಮೇಲ್ವಿಚಾರಕ ಕಲ್ಲಿನ ಧೂಳು ಒರೆಸಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಆಕಾಶದಿಂದ ಬಿದ್ದ ಕಲ್ಲು ಎಂಬ ಫಲಕವನ್ನು ತೆಗೆಯಲಿಲ್ಲ. ಇನ್ನು ಮುಂದೆ ಕೋಣೆ ಖಾಲಿಯಿಲ್ಲ, ತಾವು ಬರುವುದು ಬೇಡ ಎಂದು ಹೆಂಗಸಿಗೆ ಹೇಳಿ ಕಳಿಸಿದ.

ಗುರು ಕತೆ ನಿಲ್ಲಿಸಿದರು.

ಶಿಷ್ಯನಿಗೆ ಸಿಟ್ಟು ಬಂದಿತ್ತು. "ತನ್ನ ಮಾನ ಉಳಿಸಿದವಳನ್ನೇ ಓಡಿಸಿದನಲ್ಲ. ಹೊರಗಿನವಳನ್ನು ಅಷ್ಟೆಲ್ಲ ಶೋಧಿಸಿದವನು, ದಿನಾ ಕಣ್ಣೆದುರಿಗಿದ್ದ ಕಲ್ಲನ್ನು ಒಮ್ಮೆಯಾದರೂ ಪರೀಕ್ಷಿಸಬಾರದಿತ್ತೇ?" ಎಂದ.

ಗುರು ಅವನ ಮುಖ ನೋಡಿ ಕೇಳಿದರು, "ನೀನು ನನ್ನನ್ನು ಯಾವತ್ತಾದರೂ ಪರೀಕ್ಷಿಸಿ ನೋಡಿದ್ದೀಯಾ?"