ಬಡಗಿಯ ಹೆಬ್ಬೆರಳು

ಮಗಳನ್ನು ಮಣ್ಣು ಮಾಡಿ ಬಂದ ಮೇಲೆ ಕೊಟ್ರೇಶ ಗುರುಗಳ ಬಳಿ ಕುಳಿತು ಕೇಳಿದ: "ಗುರುಗಳೇ, ಮಗು ಜ್ವರದಲ್ಲಿ ಮಲಗಿದ್ದಾಗ ಭಯಕ್ಕೆ ಮತ್ತೆ ಮತ್ತೆ ಎಬ್ಬಿಸಿ ನೋಡಿದೆ. ಅವಳ ಪಾಡಿಗೆ ನಿದ್ದೆ ಮಾಡಲು ಬಿಟ್ಟಿದ್ದರೆ ಉಳಿಯುತ್ತಿದ್ದಳೇ?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ಶಸ್ತ್ರವೈದ್ಯನಿದ್ದ. ತುಂಡಾದ ಸಣ್ಣ ರಕ್ತನಾಳಗಳನ್ನು ಸೇರಿಸುವುದು ಅವನ ಕೆಲಸ. ಗರಗಸದ ಯಂತ್ರಕ್ಕೆ ಕೈ ಕೊಟ್ಟು ಹೆಬ್ಬೆರಳು ತುಂಡಾದ ಬಡಗಿಯೊಬ್ಬನನ್ನು ಅವನಲ್ಲಿಗೆ ಕರೆತಂದರು. ಕೈಯನ್ನಷ್ಟೇ ಮರಗಟ್ಟಿಸಿದ್ದರಿಂದ ಬಡಗಿಗೆ ಎಚ್ಚರವಿತ್ತು. "ಚೆನ್ನಾಗಿ ಹೊಲೀರಿ ಸ್ವಾಮಿ, ಕಾಲಲ್ಲಿ ಉಳಿ ಹಿಡಿಯೋದು ಕಲಿಯೋ ವಯಸ್ಸಲ್ಲ ನಂದು" ಎಂದ. ವೈದ್ಯನಿಗೆ ನಗು ಬಂತು.

ಮೂಳೆ ಕೂಡಿಸಿದ ಮೇಲೆ ವೈದ್ಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ. ನಾಳದ ಎರಡೂ ತುದಿಗೆ ಕ್ಲಿಪ್ಪು ಹಾಕಿದ. ಚಿಮಟದಿಂದ ಹೊರಪದರವನ್ನು ಮಾತ್ರ ಹಿಡಿದ. ಒಳಪದರ ನಲುಗಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಕೂದಲಿಗಿಂತ ಸಣ್ಣ ಎಳೆಯಿಂದ, ಎದುರಿನ ಗೋಡೆಗೆ ಸೂಜಿ ತಾಗದಂತೆ, ಸುತ್ತಲೂ ಹೊಲಿದ. ಕ್ಲಿಪ್ಪು ತೆಗೆದು, ರಕ್ತ ಹರಿಯುತ್ತದೆಯೇ ಎಂದು ನೋಡಲು ಹೊಲಿಗೆಯ ಆಚೆ ನಾಳವನ್ನು ಚಿಮಟಗಳಲ್ಲಿ ಮೆಲ್ಲಗೆ ಹಿಂಡಿ ಬರಿದು ಮಾಡಿ ಬಿಟ್ಟ. ರಕ್ತ ತುಂಬಿತು. ಬೆರಳು ಕೆಂಪಾಯಿತು.

"ಜೀವ ಬಂತಾ?" ಎಂದು ಬಡಗಿ ಕೇಳಿದ.

"ಬಂತು" ಎಂದ ವೈದ್ಯ. ಹೇಳಿದ ಮೇಲೆ ಅವನಿಗೆ ಅನುಮಾನ ಹತ್ತಿತು. ಮತ್ತೆ ಮತ್ತೆ ಹಿಂಡಿದರೆ ಒಳಪದರ ನಲುಗಬಹುದು, ಆ ಪರೀಕ್ಷೆಯನ್ನು ಒಮ್ಮೆ ಮಾಡಿ ಕೈ ತೆಗೆಯಬೇಕೆಂದು ಅವನಿಗೆ ಕಲಿಸಿದವರು ಹೇಳಿದ್ದರು. ಆದರೂ ಇನ್ನೊಮ್ಮೆ ಹಿಂಡಿ ನೋಡಿದ. ತುಂಬಿತು, ತುಸು ತಡವಾಗಿ ತುಂಬಿತೆನಿಸಿತು. ಮತ್ತೆ ಹಿಂಡಿದ. ತುಂಬಲಿಲ್ಲ. ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಅಷ್ಟನ್ನು ಕತ್ತರಿಸಿ ತೆಗೆದು, ಬಡಗಿಯ ತೋಳಿನಿಂದಲೇ ಬೇರೊಂದು ನಾಳದ ತುಂಡು ತಂದು ಸೇರಿಸಿದ. ಅದೂ ಕಟ್ಟಿಕೊಂಡಿತು. ಬೆರಳು ಬಿಳಿಚಿತು.

ಬಡಗಿ ವೈದ್ಯನ ಮುಖವನ್ನೇ ನೋಡುತ್ತಿದ್ದ. ಕೊನೆಗೆ, "ಸಾಕು ಬಿಡಿ ಸ್ವಾಮಿ. ನೀವು ಬೆಳಗ್ಗೆಯಿಂದ ಏನೂ ತಿಂದಿಲ್ಲ" ಎಂದ.

ವೈದ್ಯ ಚಿಮಟ ಕೆಳಗಿಟ್ಟ. ಆಮೇಲೆ ಅವನು ಎಷ್ಟೋ ಕೈಗಳನ್ನು ಸೇರಿಸಿದ. ಆ ಒಂದು ಬೆರಳು ಮಾತ್ರ ಅವನನ್ನು ಬಿಡಲಿಲ್ಲ.

ಕೊಟ್ರೇಶನ ದನಿ ಸಣ್ಣಗಾಗಿತ್ತು. "ಹಾಗಾದರೆ ಮುಟ್ಟದೆ ಬಿಟ್ಟಿದ್ದರೆ ಅದು ಉಳಿಯುತ್ತಿತ್ತಲ್ಲವೇ?"

"ಮುಟ್ಟದೆ ಬಿಟ್ಟು ಆ ಬೆರಳು ಸತ್ತಿದ್ದರೆ, ಮುಟ್ಟಿ ನೋಡಿದ್ದರೆ ಉಳಿಯುತ್ತಿತ್ತೇ ಎಂದು ನೀನು ಕೇಳುತ್ತಿದ್ದೆ."