ಮೂವತ್ತಮೂರು ವರ್ಷದ ಅಜ್ಜ

ಹರಿಹರದಲ್ಲಿ ಕೊಟ್ರೇಶ ಎಂಬ ಕನ್ನಡಿ ವ್ಯಾಪಾರಿ ಇದ್ದ. ವಯಸ್ಸು ಮೂವತ್ತಮೂರು. ತಲೆ ಮಾತ್ರ ಎಪ್ಪತ್ತರದ್ದು. ಕೂದಲು, ಮೀಸೆ, ಹುಬ್ಬು, ಎಲ್ಲ ಬಿಡಿಸಿಟ್ಟ ಹತ್ತಿಯ ಹಾಗೆ ಬೆಳ್ಳಗೆ. ಪಾಪ, ದಿನವಿಡೀ ಕೂರುವುದು ಕನ್ನಡಿಗಳ ನಡುವೆ. ಯಾವ ಕಡೆ ತಿರುಗಿದರೂ ಒಬ್ಬ ಮುದುಕ ಅವನನ್ನೇ ನೋಡುತ್ತಿದ್ದ. ಬಣ್ಣ ಹಚ್ಚಿ ನೋಡಿದ. ತಲೆ ತುಂಬ ತುರಿಕೆ ಎದ್ದಿತು. ಬಿಟ್ಟುಬಿಟ್ಟ.

ಅವನಿಗೊಬ್ಬಳು ಮಗಳು, ಹಂಸ. ಐದು ವರ್ಷದ ಮಾತಿನ ಮಲ್ಲಿ. ಬೆಳಿಗ್ಗೆ ಅವಳನ್ನು ಶಾಲೆಗೆ ಬಿಡುವುದು, ಸಂಜೆ ಮನೆಗೆ ಕರೆತರುವುದು, ಎಲ್ಲ ಸ್ಕೂಟರಿನಲ್ಲೇ. ಅದೇ ಸ್ಕೂಟರಿನಲ್ಲಿ ಗಿರಾಕಿಗಳ ಮನೆಗೆ ಕನ್ನಡಿಯನ್ನೂ ತಲುಪಿಸುತ್ತಿದ್ದ. ಆಗ ಅವನ ಎಚ್ಚರ ನೋಡಬೇಕಿತ್ತು. ಕನ್ನಡಿಯ ಸುತ್ತ ಒಣಹುಲ್ಲು. ಹುಲ್ಲಿನ ಮೇಲೆ ಹಳೆ ಕೌದಿ. ಕೌದಿಯ ಮೇಲೆ ಅಡ್ಡಕ್ಕೂ ಉದ್ದಕ್ಕೂ ಹಗ್ಗ. ಹಿಂದಿನ ಸೀಟಿಗೆ ಬಿಗಿದ ಮೇಲೆ ಅಲ್ಲಾಡಿಸಿ ನೋಡುತ್ತಿದ್ದ. ‘ನಮ್ಮ ಕನ್ನಡಿ ದಾರಿಯಲ್ಲಿ ಬಿರುಕು ಬಿಟ್ಟದ್ದೇ ಇಲ್ಲ’ ಎಂದು ಊರಿಗೆಲ್ಲ ಹೇಳಿಕೊಳ್ಳುತ್ತಿದ್ದ.

ಮಗಳು?

ಮಗಳು ಮುಂದೆ, ಕಾಲಿಡುವ ಜಾಗದಲ್ಲಿ ನಿಲ್ಲುತ್ತಿದ್ದಳು. ಹುಲ್ಲಿಲ್ಲ, ಕೌದಿಯಿಲ್ಲ, ಹಗ್ಗವಿಲ್ಲ. ಎದುರಿನಿಂದ ಏನೇ ಬಂದು ಗುದ್ದಿದರೂ ಅಪ್ಪನಿಗಿಂತ ಮೊದಲು ಪೆಟ್ಟು ತಿನ್ನುವುದು ಆ ಕೂಸು. ನಗಬೇಡಿ ಸ್ವಾಮಿ. ನಿಮ್ಮ ಸ್ಕೂಟರಿನ ಮುಂದೆ ಯಾರು ನಿಲ್ಲುತ್ತಾರೆ, ಮೊದಲು ಅದನ್ನು ಹೇಳಿ.

ಹೆಂಡತಿ ಗಿರಿಜಾ ದಿನಾ ಹೇಳುತ್ತಿದ್ದಳು. “ಅವಳನ್ನ ಮುಂದೆ ನಿಲ್ಲಿಸ್ಬೇಡ್ರಿ.”

“ನಮ್ಮಪ್ಪ ನನ್ನನ್ನ ಹಿಂಗೇ ಕರ್ಕೊಂಡ್ ಹೋಗ್ತಿದ್ದ. ನಂಗೇನಾಗೈತಿ ಈಗ?”

“ಏನಾಗೈತಿ ಅಂತ ನೀವೇ ಕನ್ನಡಿ ನೋಡ್ಕೊಳ್ರಿ!”

ಒಂದು ಸಂಜೆ ಸಿಟಿ ಬಸ್ಸಿನ ಬಾಗಿಲಲ್ಲಿ ನಿಂತಿದ್ದ ಕಂಡಕ್ಟರು ಇವರನ್ನು ನೋಡಿ ಕೂಗಿದ. “ಅಜ್ಜಾ! ಮೊಮ್ಮಗಳು ಬಿದ್ದಾಳು, ಹಿಂದೆ ಕೂರಿಸ್ಕೊ!”

ಕೊಟ್ರೇಶನ ಕಿವಿಗೆ ಬಿದ್ದದ್ದು ‘ಅಜ್ಜ’ ಮಾತ್ರ. ಮಿಕ್ಕದ್ದು ಗಾಳಿಗೆ ಹೋಯಿತು. ಸ್ಕೂಟರ್ ತಿರುಗಿಸಿದ, ಬಸ್ಸನ್ನು ಬೆನ್ನಟ್ಟಿದ. ಬೆನ್ನಟ್ಟುವಾಗ ಮಗಳೆಲ್ಲಿದ್ದಳು? ಮುಂದೆಯೇ ನಿಂತಿದ್ದಳು! ಮುಂದಿನ ಸ್ಟಾಪಿನಲ್ಲಿ ಬಸ್ಸಿಗೆ ಅಡ್ಡ ನಿಲ್ಲಿಸಿ ಲೈಸೆನ್ಸ್ ಎತ್ತಿ ಹಿಡಿದ. “ಓದು! ಹುಟ್ಟಿದ ವರ್ಷ ಓದು! ಅಜ್ಜ ಅಂತ ಯಾರಿಗಂತೀಯೋ?”

ಕಂಡಕ್ಟರು ಲೈಸೆನ್ಸ್ ನೋಡಿದ, ಮುಖ ನೋಡಿದ. “ತಪ್ಪಾಯ್ತು ಬಿಡು ಅಜ್ಜ” ಎಂದ. ಬಸ್ಸಿಗೆ ಬಸ್ಸೇ ನಕ್ಕಿತು.

ಹಂಸ ಎಲ್ಲರಿಗಿಂತ ಜೋರಾಗಿ ನಕ್ಕಳು. ಅದಕ್ಕೂ ಅವನಿಗೆ ಸಿಟ್ಟು.

ಮರುದಿನ ಹೋಗಿ ಹೆಲ್ಮೆಟ್ ತಂದ. ಬುದ್ಧಿ ಬಂತು ಅಂದುಕೊಂಡಿರಾ? ಬುದ್ಧಿ ಬಂದಿದ್ದರೆ ಎರಡು ತರುತ್ತಿದ್ದ. ಇವನು ತಂದದ್ದು ಒಂದೇ, ಕೊಡದಂಥ ದೊಡ್ಡದು, ಕರಿ ಗಾಜಿನದು. ಹುಬ್ಬು ಮೀಸೆ ಎಲ್ಲ ಒಳಗೆ ಸೇರಿಕೊಂಡವು. ಈಗ ಯಾರೂ ಅಜ್ಜ ಅನ್ನಲಿಲ್ಲ. ಕೊಟ್ರೇಶ ಹೆಲ್ಮೆಟ್ಟಿನೊಳಗೆ ಸಿಳ್ಳೆ ಹೊಡೆಯುತ್ತ ಓಡಾಡಿದ. ಆದರೆ ಆ ಹೆಲ್ಮೆಟ್ಟಿನ ಗದ್ದ ಎಷ್ಟು ದಪ್ಪಗಿತ್ತೆಂದರೆ, ಕೆಳಗೆ ತನ್ನ ಎದೆಗೆ ತಾಗಿ ನಿಂತ ಮಗಳ ತಲೆ ಅವನಿಗೆ ಕಾಣುತ್ತಲೇ ಇರಲಿಲ್ಲ. ವಯಸ್ಸು ಮುಚ್ಚಲು ತಂದದ್ದು ಮಗಳನ್ನೇ ಮುಚ್ಚಿತು.

ಹೀಗಿರುವಾಗ ಒಂದು ಶನಿವಾರ. ಶಾಲೆ ಬೆಳಗ್ಗೆಯೇ ಮುಗಿದಿತ್ತು. ಸುಡುವ ಬಿಸಿಲು. ಹಿಂದೆ ಮದುವೆ ಮನೆಯ ದೊಡ್ಡ ಕನ್ನಡಿ, ಮುಂದೆ ಹಂಸ. ಒಂದು ಓಣಿಯಲ್ಲಿ ಮುದುಕಿಯೊಬ್ಬಳು ರಸ್ತೆ ಪಕ್ಕ ಸೀರೆ ಹಾಸಿ ಸಂಡಿಗೆ ಒಣಗಿಸಿ, ದನ ಬಾರದಂತೆ ಕೋಲು ಹಿಡಿದು ಕೂತಿದ್ದಳು. ಸ್ಕೂಟರ್ ಕಂಡದ್ದೇ ಕೋಲು ಎತ್ತಿ ಅಡ್ಡ ಹಿಡಿದಳು.

“ಏ ತಮ್ಮಾ! ನಿಂದ್ರೋ! ನಿಂದ್ರೋ ತಮ್ಮಾ!”

ತಮ್ಮಾ! ಎಷ್ಟು ವರ್ಷವಾಗಿತ್ತು ಆ ಮಾತು ಕೇಳಿ! ಕೊಟ್ರೇಶನಿಗೆ ಹೋಳಿಗೆ ತಿಂದಂತಾಯಿತು. ಮೆಲ್ಲಗೆ ಬ್ರೇಕ್ ಒತ್ತಿ ಅವಳ ಮುಂದೆಯೇ ನಿಲ್ಲಿಸಿದ. “ಏನಬೇ ಅಜ್ಜಿ?” ಎಂದು ಬಾಯಿ ತೆರೆಯುವಷ್ಟರಲ್ಲಿ—

ಪೀಂ... ಹಾರ್ನ್ ಕೂಗಿತು. ನಿಲ್ಲಲೇ ಇಲ್ಲ.

ಹೆಲ್ಮೆಟ್ ಕಿತ್ತು ಕೆಳಗೆ ನೋಡಿದ. ಹಂಸ ನಿಂತಲ್ಲೇ ನಿದ್ದೆ ಹೋಗಿದ್ದಳು. ಕೈ ಬಿಟ್ಟಿದ್ದಳು. ಹಣೆ ಜಾರಿ ಹಾರ್ನಿನ ಗುಂಡಿಯ ಮೇಲೆ ಕೂತಿತ್ತು. ಬಾಯಿಂದ ಜೊಲ್ಲು ಇಳಿಯುತ್ತಿತ್ತು. ಮೊಣಕಾಲು ಮಡಚಿ ಇನ್ನೇನು ರಸ್ತೆಗೆ ಬೀಳಬೇಕು, ಅವನು ಬಾಚಿ ಹಿಡಿದ.

“ಆ ತಿರುವಿನಾಗಿಂದ ನೋಡ್ತಿದೀನಿ” ಎಂದಳು ಮುದುಕಿ. “ಕೂಸಿನ ತಲಿ ಗಂಟೆ ತೂಗಿದಂಗ ತೂಗತೈತಿ. ನಿಂಗ ಕಾಣವಲ್ದೇನೋ?”

ಕೊಟ್ರೇಶ ಬಂದ ದಾರಿಯನ್ನು ತಿರುಗಿ ನೋಡಿದ. ಯಾವಾಗಿನಿಂದ ಮಲಗಿದ್ದಾಳೆ? ಸೇತುವೆ ಮೇಲೆ ಲಾರಿಗಳ ನಡುವೆ ಬಂದಾಗಲೂ ಮಲಗಿದ್ದಳೇ? ಅವನಿಗೆ ಗೊತ್ತಿಲ್ಲ. ಗೊತ್ತಿರಲಿಲ್ಲ ಎಂಬುದೇ ಅವನನ್ನು ಕೊಂದಿತು.

ಮುದುಕಿ ಹಿಂದಿನ ಸೀಟು ಮುಟ್ಟಿ ನೋಡಿದಳು. “ಇದೇನು, ಬಾಣಂತಿಗೆ ಹೊಚ್ಚಿದಂಗ ಹೊಚ್ಚೀಯಲ್ಲ?”

“ಕನ್ನಡಿ ಅಜ್ಜಿ. ಒಡೀತೈತಿ ಅಂತ...”

ಹೇಳುತ್ತ ಹೇಳುತ್ತ ಅವನ ಕಣ್ಣು ಹಗ್ಗದಿಂದ ಮಗಳ ಕಡೆ ತಿರುಗಿತು.

ಆಮೇಲೆ ಮುದುಕಿ ಅವನ ತಲೆ ನೋಡಿದಳು. ಕಣ್ಣು ಕಿರಿದು ಮಾಡಿ ಮತ್ತೆ ನೋಡಿದಳು. “ಅಯ್ಯ, ತಮ್ಮ ಅಂದ್ನಲ್ಲೋ! ಮೊಮ್ಮಗಳೇನೋ ಇದು?”

“ಅಲ್ಲಬೇ. ಮಗಳು. ಎಲ್ರೂ ನನಗ ಅಜ್ಜ ಅಂತಾರ. ಸಿಟ್ಟು ಬರತೈತಿ.”

ಮುದುಕಿ ಕೋಲು ನೆಲಕ್ಕೆ ಬಡಿದು ಗಹಗಹಿಸಿದಳು. “ಹುಚ್ಚಪ್ಪಾ! ಅನ್ನಿಸ್ಕೊಂಡ್ರೆ ಅಜ್ಜ ಆಗಿಬಿಡ್ತಾರೇನೋ? ಖರೇ ಅಜ್ಜ ಆಗ್ಬೇಕಂದ್ರ ಮೊದ್ಲು ಇವ್ಳು ದೊಡ್ಡೋಳಾಗ್ಬೇಕಲ್ಲೋ!”

ಕೊಟ್ರೇಶನಿಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. ಹಗ್ಗ ಬಿಚ್ಚಿದ. ಕನ್ನಡಿಯನ್ನು ಮುದುಕಿಯ ಮನೆ ಗೋಡೆಗೆ ಒರಗಿಸಿದ. ಸ್ಕೂಟರನ್ನೂ ಅಲ್ಲೇ ಬಿಟ್ಟ. ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಿಳಿ ತಲೆ ಬಿಟ್ಟುಕೊಂಡೇ ಊರ ನಡುವೆ ನಡೆದ. ಹಂಸ ಎಚ್ಚರಾಗಿ ಅವನ ಕೂದಲು ಹಿಡಿದುಕೊಂಡಳು. “ಅಪ್ಪಾ, ಇದು ಸ್ಕೂಟರಿಗಿಂತ ಎತ್ತರ ಐತಿ! ದಿನಾ ಹಿಂಗೇ ಹೋಗಣ!” ಎಂದಳು. ಆ ದಿನ ಮದುವೆ ಮನೆಯವರು ಕನ್ನಡಿ ಇಲ್ಲದೆ ಒಬ್ಬರ ತುರುಬು ಒಬ್ಬರು ಕಟ್ಟಿಕೊಂಡರು. ಲಗ್ನವೇನೂ ನಿಲ್ಲಲಿಲ್ಲ.

ಸೋಮವಾರದಿಂದ ಹಿಂದಿನ ಸೀಟು ಮಗಳದಾಯಿತು. ಅವಳ ತಲೆಗೆ ಸರಿಯಾದ ಕೆಂಪು ಹೆಲ್ಮೆಟ್, ಅಪ್ಪನ ಬೆನ್ನಿಗೆ ಬಿಗಿದ ಬೆಲ್ಟು. ಹೊರಡುವ ಮುಂಚೆ ಅಲ್ಲಾಡಿಸಿ ನೋಡುತ್ತಿದ್ದ. ಕನ್ನಡಿಗಳು ಬೇರೆ ಹೊತ್ತಿನಲ್ಲಿ ಹೋದವು. ತನ್ನ ಹೆಲ್ಮೆಟ್ಟಿನ ಕರಿ ಗಾಜು ತೆಗೆಸಿ ಮುಖ ಕಾಣುವ ತಿಳಿ ಗಾಜು ಹಾಕಿಸಿದ. ಹುಬ್ಬು, ಮೀಸೆ ಮತ್ತೆ ಊರಿಗೆಲ್ಲ ಕಂಡವು.

ಅದೇ ಬಸ್ಸು ಎದುರಾಯಿತು. ಅದೇ ಕಂಡಕ್ಟರು.

“ಅಜ್ಜಾ! ಈಗ ಚಲೋ ಕೂರಿಸ್ಕೊಂಡೀ ನೋಡು!”

ಕೊಟ್ರೇಶ ಲೈಸೆನ್ಸ್ ತೆಗೆಯಲಿಲ್ಲ. ಕೈ ಬೀಸಿ ಕೂಗಿದ.

“ಅಜ್ಜ ಇನ್ನೂ ಆಗಿಲ್ಲಪ್ಪಾ! ಆಗಾಕ ಹೊಂಟೀನಿ!”

ನೀತಿ: ಎಚ್ಚರಿಸುವವನು ನಿಮ್ಮನ್ನು ಏನೆಂದು ಕರೆದ ಎಂದು ಆಮೇಲೆ ಜಗಳವಾಡಿ, ಏನು ಹೇಳಿದ ಎಂಬುದನ್ನು ಮೊದಲು ಕೇಳಿ. ಮುದುಕನಂತೆ ಕಂಡರೆ ಮಾನ ಹೋಗುವುದಿಲ್ಲ. ಒಡೆಯುವ ಸಾಮಾನಿಗೆ ಹಗ್ಗ ಬಿಗಿದು, ಹೆತ್ತ ಮಗುವನ್ನು ಗಾಳಿಗೆ ಒಡ್ಡಿದರೆ ಹೋಗುತ್ತದೆ.